ರುಡಾಲ್ಫ್ ಬೆಲ್ಲಿಂಗ್

ರುಡಾಲ್ಫ್ ಬೆಲ್ಲಿಂಗ್ (೨೬ ಆಗಸ್ಟ್ ೧೮೮೬ – ೯ ಜೂನ್ ೧೯೭೨) ಜರ್ಮನಿಯ ಆಧುನಿಕ ಶಿಲ್ಪಕಲೆಯ ಪ್ರವರ್ತಕರಲ್ಲಿ ಒಬ್ಬರು. ಮ್ಯೂನಿಕ್ ನಗರದ ಒಲಿಂಪಿಕ್ ಉದ್ಯಾನದಲ್ಲಿರುವ ‘ಶುಟ್‌ಬ್ಲೂಮೆ’ (ಅವಶೇಷಗಳ ಹೂವು) ಎಂಬ ಕಂಚಿನ ಶಿಲ್ಪ ಅವರ ಕೊನೆಗಾಲದ ಕೃತಿ.

ಆರಂಭಿಕ ಜೀವನ

ಬೆಲ್ಲಿಂಗ್ ಅವರು ಬರ್ಲಿನ್ ನಗರದಲ್ಲಿ ಜನಿಸಿದರು. ಮೊದಲಿಗೆ ಅಲಂಕಾರಿಕ ವಸ್ತುಗಳನ್ನೂ ಮ್ಯಾಕ್ಸ್ ರೈನ್‌ಹಾರ್ಟ್ ಅವರ ರಂಗಭೂಮಿಗೆ ಬೇಕಾದ ಪರಿಕರಗಳನ್ನೂ ತಯಾರಿಸುತ್ತಿದ್ದರು. ಅನಂತರ ಶಿಲ್ಪಿ ಪೀಟರ್ ಬ್ರಾಯರ್ ಅವರಲ್ಲಿ ಶಿಕ್ಷಣ ಪಡೆದರು. ೧೯೧೮ರಲ್ಲಿ ಆರಂಭವಾದ ‘ನವೆಂಬರ್ ಗುಂಪು’ ಎಂಬ ಕಲಾವಿದರ ಸಂಘದ ಸ್ಥಾಪಕರಲ್ಲಿ ಇವರೂ ಒಬ್ಬರು. ೧೯೧೯ರ ‘ಡ್ರೈಕ್ಲಾಂಗ್’ (ತ್ರಿಸ್ವರ) ಇವರಿಗೆ ಹೆಸರು ತಂದಿತು. ಮೂರು ಆಕೃತಿಗಳು ಮೇಲಕ್ಕೆ ಬಾಗಿ ನಿಂತಿರುವ ಈ ಶಿಲ್ಪದಲ್ಲಿ ಘನಭಾಗಕ್ಕಿರುವಷ್ಟೇ ಮಹತ್ವ ನಡುವಿನ ಬಯಲಿಗೂ ಇದೆ.

ನಾಜಿ ಆಡಳಿತ ಮತ್ತು ವಲಸೆ

ನಾಜಿ ಸರ್ಕಾರವು ೧೯೩೭ರಲ್ಲಿ ಮ್ಯೂನಿಕ್‌ನಲ್ಲಿ ಆಧುನಿಕ ಕಲೆಯನ್ನು ಹೀಯಾಳಿಸಲು ‘ಅವನತ ಕಲೆ’ ಪ್ರದರ್ಶನವನ್ನು ಏರ್ಪಡಿಸಿತು. ಅದರಲ್ಲಿ ಡ್ರೈಕ್ಲಾಂಗ್ ಸೇರಿದಂತೆ ಬೆಲ್ಲಿಂಗ್ ಅವರ ಎರಡು ಕೃತಿಗಳಿದ್ದವು. ಅದೇ ವೇಳೆ, ಅದೇ ಊರಿನಲ್ಲಿ ಸರ್ಕಾರ ಮೆಚ್ಚಿದ ಕಲೆಯ ಪ್ರದರ್ಶನದಲ್ಲಿ ಅವರ ಇನ್ನೊಂದು ಶಿಲ್ಪ, ಮುಷ್ಟಿಯುದ್ಧಪಟು ಮ್ಯಾಕ್ಸ್ ಶ್ಮೆಲಿಂಗ್ ಅವರ ಪ್ರತಿಮೆ, ಗೌರವದ ಸ್ಥಾನ ಪಡೆದಿತ್ತು. ಈ ವಿರೋಧಾಭಾಸ ಗಮನಕ್ಕೆ ಬಂದಾಗ ಮೊದಲಿನ ಎರಡನ್ನು ತೆಗೆದುಹಾಕಲಾಯಿತು.

ಆ ವೇಳೆಗೆ ಬೆಲ್ಲಿಂಗ್ ಅವರು ದೇಶ ತೊರೆದು ಇಸ್ತಾಂಬುಲ್ ಸೇರಿದ್ದರು. ಅಲ್ಲಿನ ಲಲಿತಕಲಾ ಅಕಾಡೆಮಿಯಲ್ಲಿ ಶಿಲ್ಪವಿಭಾಗದ ಮುಖ್ಯಸ್ಥರಾಗಿ ಟರ್ಕಿಯ ಹೊಸ ಪೀಳಿಗೆಯ ಶಿಲ್ಪಿಗಳನ್ನು ರೂಪಿಸಿದರು. ಮುಂದೆ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿಯೂ ಬೋಧಿಸಿದರು. ಅವರು ನಿರ್ಮಿಸಿದ ಅಧ್ಯಕ್ಷ ಇಸ್ಮೆತ್ ಇನೊನು ಅವರ ಅಶ್ವಾರೂಢ ಪ್ರತಿಮೆಯು ರಾಜಕೀಯ ಬದಲಾವಣೆಗಳಿಂದಾಗಿ ಬಹುಕಾಲ ಮೂಲೆಗುಂಪಾಗಿ, ೧೯೮೨ರಲ್ಲಿ ಇಸ್ತಾಂಬುಲ್‌ನ ಉದ್ಯಾನವೊಂದರಲ್ಲಿ ಸ್ಥಾಪನೆಯಾಯಿತು.

ಒಲಿಂಪಿಕ್ ಉದ್ಯಾನದ ಶಿಲ್ಪ

ಸುಮಾರು ಮೂರು ದಶಕಗಳ ಬಳಿಕ, ೧೯೬೬ರಲ್ಲಿ, ಬೆಲ್ಲಿಂಗ್ ಅವರು ಜರ್ಮನಿಗೆ ಮರಳಿ ಮ್ಯೂನಿಕ್ ಸಮೀಪದ ಕ್ರೈಲಿಂಗ್‌ನಲ್ಲಿ ನೆಲೆಸಿದರು. ೧೯೭೨ರ ಒಲಿಂಪಿಕ್ ಕ್ರೀಡಾಕೂಟಕ್ಕಾಗಿ ರೂಪಿಸಿದ ಉದ್ಯಾನದ ಗುಡ್ಡವು ಸಹಜವಾದುದಲ್ಲ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಕುಸಿದ ಕಟ್ಟಡಗಳ ಇಟ್ಟಿಗೆ, ಕಲ್ಲು, ಮಣ್ಣನ್ನು ರಾಶಿ ಹಾಕಿದ್ದರಿಂದ ಉಂಟಾದುದು. ಅಲ್ಲಿ ನಿಂತಿರುವ ಶುಟ್‌ಬ್ಲೂಮೆ ಶಿಲ್ಪವು ಆ ಅವಶೇಷಗಳ ಮೇಲೆ ಅರಳಿದ ಹೂವಿನಂತೆ ಶಾಂತಿಯನ್ನು ಸಂಕೇತಿಸುತ್ತದೆ. ಹೀಗೆ, ಒಮ್ಮೆ ಅವರ ಕಲೆಯನ್ನು ಅಪಮಾನಿಸಿದ್ದ ನಗರದಲ್ಲಿಯೇ ಅದಕ್ಕೆ ಶಾಶ್ವತ ನೆಲೆ ದೊರೆಯಿತು.

ನಿಧನ

ಬೆಲ್ಲಿಂಗ್ ಅವರು ೯ ಜೂನ್ ೧೯೭೨ರಂದು ಕ್ರೈಲಿಂಗ್‌ನಲ್ಲಿ ನಿಧನರಾದರು. ಮ್ಯೂನಿಕ್ ಒಲಿಂಪಿಕ್ಸ್ ಉದ್ಘಾಟನೆಯಾದುದು ಅದೇ ವರ್ಷದ ಆಗಸ್ಟ್ ೨೬ರಂದು. ಅಂದು ಅವರಿಗೆ ೮೬ ವರ್ಷ ತುಂಬುತ್ತಿತ್ತು.