ತಾಲೀಮಿನ ಗುರು: ಉಸ್ತಾದ್ ಅಲ್ಲಾವುದ್ದೀನ್ ಖಾನ್

ಒಬ್ಬನೇ ಕುಳಿತು ನುಡಿಸುವುದು ಒಂದು ವಿದ್ಯೆ. ಹತ್ತು ಮಂದಿಯೊಡನೆ ಕುಳಿತು ನುಡಿಸುವುದು ಮತ್ತೊಂದು ವಿದ್ಯೆ. ಮೊದಲನೆಯದರಲ್ಲಿ ಮೇಧಾವಿಗಳಾಗಿದ್ದೂ ಎರಡನೆಯದಕ್ಕಾಗಿ ಬಾಳನ್ನು ಸವೆಸಿದವರು ವಿರಳ. ಅಂಥವರಲ್ಲಿ ಮೈಹರಿನ ಉಸ್ತಾದ್ ಅಲ್ಲಾವುದ್ದೀನ್ ಖಾನರನ್ನು ನಾವು ಮೊದಲು ನೆನೆಯಬೇಕು.

ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಶಿಬಪುರವೆಂಬ ಹಳ್ಳಿ ಅವರ ಹುಟ್ಟೂರು. ಸಂಗೀತದ ಹಂಬಲದಿಂದ ಬಾಲ್ಯದಲ್ಲೇ ಮನೆ ಬಿಟ್ಟು ಕಲ್ಕತ್ತೆ ಸೇರಿದರು. ಗೋಪಾಲಕೃಷ್ಣ ಭಟ್ಟಾಚಾರ್ಯರಲ್ಲಿ ವರ್ಷಗಟ್ಟಲೆ ಸ್ವರಸಾಧನೆ ಮಾಡಿದರು. ಆ ಗುರುಗಳು ತೀರಿಕೊಂಡ ಬಳಿಕ, ಸ್ವಾಮಿ ವಿವೇಕಾನಂದರ ಬಂಧುಗಳಾದ ಅಮೃತಲಾಲ್ ದತ್ತರಲ್ಲಿ ಹಲವು ವಾದ್ಯಗಳನ್ನೂ, ಗೋವೆಯ ಬ್ಯಾಂಡ್ ಮಾಸ್ಟರ್ ಲೋಬೋ ಅವರಲ್ಲಿ ಪಿಟೀಲನ್ನೂ ಕಲಿತರು. ಹೊಟ್ಟೆಪಾಡಿಗಾಗಿ ನಾಟಕಶಾಲೆಯ ವಾದ್ಯಮೇಳದಲ್ಲಿ ನುಡಿಸಿದರು. ಮೇಳದ ಕಷ್ಟಸುಖ ಅವರಿಗೆ ತಿಳಿದದ್ದು ಅನುಭವದಿಂದಲೇ. ಮುಂದೆ ಬಹುಕಾಲ ಕಾದು ರಾಮಪುರದ ವಜೀರ್ ಖಾನರ ಶಿಷ್ಯರಾದರು.

ಅನಂತರ ಮೈಹರ್ ಸಂಸ್ಥಾನದ ದೊರೆ ಬ್ರಿಜನಾಥ ಸಿಂಗರ ಆಶ್ರಯ ದೊರೆಯಿತು. 1918ರ ಸುಮಾರಿನಲ್ಲಿ ಸಾಂಕ್ರಾಮಿಕ ರೋಗಕ್ಕೆ ಸಿಕ್ಕಿ ಆ ಸೀಮೆಯ ಎಷ್ಟೋ ಮಕ್ಕಳು ತಬ್ಬಲಿಗಳಾದರು. ಆ ಮಕ್ಕಳನ್ನು ಕೂಡಿಸಿ, ಕೈಗೆ ವಾದ್ಯ ಕೊಟ್ಟು, ಖಾನ್ ಸಾಹೇಬರು ಮೈಹರ್ ಬ್ಯಾಂಡನ್ನು ಕಟ್ಟಿದರು. ಸಿತಾರ್, ಪಿಟೀಲು, ಹಾರ್ಮೋನಿಯಂ, ತಬಲಗಳೊಂದಿಗೆ ಹಳೆಯ ಬಂದೂಕಿನ ನಳಿಗೆಗಳಿಂದ ಮಾಡಿದ ‘ನಳ ತರಂಗ’ವೂ ಅಲ್ಲಿ ಸೇರಿತು. ಕೊಲ್ಲುವುದಕ್ಕೆಂದು ಹುಟ್ಟಿದ ಕಬ್ಬಿಣ ಹಾಡತೊಡಗಿತು!

ಇಂಥ ಮೇಳಕ್ಕೆ ತಾಲೀಮೇ ಪ್ರಾಣ. ತಂತಿಯನ್ನು ಬಿಗಿಯಬಹುದು, ಸಡಿಲಿಸಬಹುದು. ನಳಿಗೆಯ ಸ್ವರ ಕತ್ತರಿಸಿದಲ್ಲಿಗೇ ಸ್ಥಿರ. ಆದ್ದರಿಂದ ಬಗ್ಗಬಲ್ಲ ವಾದ್ಯವೇ ಬಗ್ಗದ ವಾದ್ಯಕ್ಕೆ ಹೊಂದಿಕೊಳ್ಳಬೇಕು. ಪಾಠ ಪುಸ್ತಕದಲ್ಲಿಲ್ಲ, ಕಂಠಸ್ಥವಾಗಬೇಕು. ಒಬ್ಬನು ತಡವಾಗಿ ಬಂದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಗುರುಗಳು ಒಬ್ಬನನ್ನು ತಿದ್ದುವಾಗ ಉಳಿದವರು ಸುಮ್ಮನಿರದಿದ್ದರೆ ಆ ತಿದ್ದುಪಡಿ ಯಾರ ಕಿವಿಗೂ ಬೀಳದು. ‘ಬಾಬಾ’ ಅವರ ಸಿಟ್ಟು ಪ್ರಸಿದ್ಧವಾದದ್ದು. ಆದರೆ ಆ ಮಕ್ಕಳಿಗೆ ತಾಯಿತಂದೆಯ ಸ್ಥಾನದಲ್ಲಿ ನಿಂತವರೂ ಅವರೇ. ಮುಸಲ್ಮಾನರಾದ ಅವರು ಮೈಹರಿನ ಶಾರದಾದೇವಿಯ ಪರಮಭಕ್ತರಾಗಿದ್ದರೆಂಬುದನ್ನೂ ಇಲ್ಲಿ ಸ್ಮರಿಸಬೇಕು.

ಮಗ ಅಲಿ ಅಕ್ಬರ್ ಖಾನ್, ಮಗಳು ಅನ್ನಪೂರ್ಣಾದೇವಿ, ಶಿಷ್ಯರಾದ ರವಿಶಂಕರ್, ಪನ್ನಾಲಾಲ್ ಘೋಷ್, ನಿಖಿಲ್ ಬ್ಯಾನರ್ಜಿ ಇವರೆಲ್ಲ ಆ ಶಿಸ್ತಿನಲ್ಲೇ ಬೆಳೆದವರು. ಅಲಿ ಅಕ್ಬರರ ಮೂಲಕ ಆ ವಿದ್ಯೆ ಕನ್ನಡಿಗರ ಮನೆಗೂ ಬಂತು: ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ನೀಡಿದ, 2024ರಲ್ಲಿ ಮೈಸೂರಿನಲ್ಲಿ ನಿಧನರಾದ ಸರೋದ್ ವಿದ್ವಾಂಸ ರಾಜೀವ ತಾರಾನಾಥರು ಅವರ ಶಿಷ್ಯರು. ಬಾಬಾ ಅವರಿಗೆ 1971ರಲ್ಲಿ ಪದ್ಮವಿಭೂಷಣ ಸಂದಿತು. 1972ರ ಸೆಪ್ಟೆಂಬರ್ 6ರಂದು ಅವರು ಕಾಲವಾದರು. ಅವರು ಕಟ್ಟಿದ ವಾದ್ಯವೃಂದ ಅವರ ತರುವಾಯವೂ ಉಳಿಯಿತು.

ಹುಟ್ಟೂರಿನಿಂದ ದೂರ, ಪರಭಾಷೆಯ ಊರಿನಲ್ಲಿ, ಬೇರೆಯವರ ಮಕ್ಕಳಿಂದ ಒಂದು ಮೇಳವನ್ನು ಕಟ್ಟಿದ ಈ ಬಾಳು ನಮ್ಮಂಥ ಹೊರನಾಡಿನವರಿಗೆ ಕೈದೀವಿಗೆಯಲ್ಲವೆ? ನಾವೂ ಕಚೇರಿ ಮುಗಿಸಿ, ದೂರದ ಬಡಾವಣೆಗಳಿಂದ ರೈಲು ಬಸ್ಸು ಹಿಡಿದು ತಾಲೀಮಿಗೆ ಬರುವವರು. ಹೊತ್ತಿಗೆ ಸರಿಯಾಗಿ ಬರೋಣ. ಮನೆಯಲ್ಲೇ ಪಾಠ ಒಪ್ಪಿಸಿಕೊಂಡು ಬರೋಣ. ಪಕ್ಕದವರ ನಾದಕ್ಕೆ ಕಿವಿಗೊಡೋಣ. ವೇದಿಕೆಯ ಹಾಡು ಹತ್ತು ನಿಮಿಷದ್ದು. ನಮ್ಮ ಮಕ್ಕಳು ಅಕ್ಕಪಕ್ಕ ಕುಳಿತು ಕನ್ನಡದಲ್ಲಿ ಒಂದು ಮನೆಯವರಾಗುವುದು ತಾಲೀಮಿನಲ್ಲೇ.