ತೊರವಿಯ ಜಗದ್ಗುರು ಬಾದಶಾಹ: ಎರಡನೇ ಇಬ್ರಾಹಿಂ ಆದಿಲ್‌ಶಾಹ

ತಿಕೋಟಾ ಕಡೆಯಿಂದ ದಿನಾಲೂ ಬಸ್ಸಿನಲ್ಲಿ ವಿಜಯಪುರಕ್ಕೆ ಓದಲು ಬರುವ ನಮ್ಮ ವಿದ್ಯಾರ್ಥಿಗಳಿಗೆ ತೊರವಿ ಎಂದರೆ ಶಹರ ಬಂತು ಎಂಬುದರ ಗುರುತು. ನಗರದ ಪಶ್ಚಿಮಕ್ಕೆ 5-6 ಕಿ.ಮೀ. ದೂರದಲ್ಲಿ ಅಥಣಿ ರಸ್ತೆಯ ಮೇಲಿರುವ ಈ ಚಿಕ್ಕ ಊರನ್ನು ಕಿಟಕಿಯಿಂದ ನೋಡಿ ಮುಂದೆ ಸಾಗುವವರೇ ಹೆಚ್ಚು. ಇಳಿದು ನೋಡುವವರು ಕಡಿಮೆ. ಆದರೆ ಇಷ್ಟು ಸಣ್ಣ ಊರಿಗೆ ಇಷ್ಟೊಂದು ಹಿರಿಮೆ ಇರುವುದು ಅಪರೂಪ.

ಇಲ್ಲಿ ಪ್ರಾಚೀನವಾದ ನರಸಿಂಹ ದೇವಾಲಯವಿದೆ. ಸುಮಾರು 1500ರ ಹೊತ್ತಿಗೆ ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಕವಿ ಈ ದೇವರ ಅಂಕಿತದಲ್ಲಿ ಭಾಮಿನಿ ಷಟ್ಪದಿಯ ರಾಮಾಯಣ ಬರೆದನು. ಅದೇ ತೊರವೆ ರಾಮಾಯಣ. ಆದಿಲ್‌ಶಾಹಿ ರಾಜಧಾನಿಗೆ ನೀರು ಕೊಟ್ಟ ಸುರಂಗ ಬಾವಡಿ ಇರುವುದೂ ತೊರವಿಯ ಹತ್ತಿರವೇ. 2003ರಲ್ಲಿ ಸ್ಥಾಪನೆಯಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯದ ಆವರಣವೂ ಇಲ್ಲಿದೆ. ಅದಕ್ಕೀಗ ಅಕ್ಕಮಹಾದೇವಿಯ ಹೆಸರು. ಇವೆಲ್ಲದರ ಜೊತೆಗೆ ಹೊಲಗಳ ನಡುವೆ ಎತ್ತರದ ಕಮಾನುಗಳ ಒಂದು ಪಾಳು ಅರಮನೆ ನಿಂತಿದೆ. ಜನ ಅದನ್ನು ಸಂಗೀತ ಮಹಲ್ ಎನ್ನುತ್ತಾರೆ. ಅದನ್ನು ಕಟ್ಟಿಸಿದ ಅರಸನ ಜೀವನವನ್ನು ನಮ್ಮ ಸದಸ್ಯರಿಗೂ ವಿದ್ಯಾರ್ಥಿಗಳಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಒಂಬತ್ತು ವರ್ಷದ ಸುಲ್ತಾನ

1580ರಲ್ಲಿ ಒಂದನೇ ಅಲಿ ಆದಿಲ್‌ಶಾಹನ ಕೊಲೆಯಾಯಿತು. ಅವನಿಗೆ ಗಂಡು ಮಕ್ಕಳಿರಲಿಲ್ಲ. ಆದ್ದರಿಂದ ಅವನ ತಮ್ಮ ತಹಮಾಸ್ಪನ ಮಗ ಇಬ್ರಾಹಿಂ ಪಟ್ಟಕ್ಕೆ ಬಂದನು. ಆಗ ಅವನಿಗೆ ಒಂಬತ್ತು ವರ್ಷ. ನಮ್ಮ ಮಕ್ಕಳು ನಾಲ್ಕನೆಯ ತರಗತಿಯಲ್ಲಿರುವ ವಯಸ್ಸು ಅದು.

ಬಾಲಕನ ಪಾಲನೆ ಮತ್ತು ರಾಜ್ಯದ ಹೊಣೆ ಅಲಿಯ ವಿಧವೆ ಚಾಂದ್‌ಬೀಬಿಯ ಮೇಲೆ ಬಿದ್ದಿತು. ಈಕೆ ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು. ಕುದುರೆ ಸವಾರಿ ಬಲ್ಲವಳು, ಹಲವು ಭಾಷೆಗಳನ್ನು ಕಲಿತವಳು, ಸಂಗೀತವನ್ನೂ ಬಲ್ಲವಳು ಎಂದು ಪ್ರತೀತಿ. ಆದರೆ ದರಬಾರಿನ ಸರದಾರರು ಅಧಿಕಾರಕ್ಕಾಗಿ ಒಬ್ಬರ ಮೇಲೊಬ್ಬರು ಬಿದ್ದರು. ಕಿಶ್ವರ್ ಖಾನ್ ಎಂಬವನು ಚಾಂದ್‌ಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಬಂಧನದಲ್ಲಿಟ್ಟನು. ಹಬಶಿ ಸರದಾರರು ಅವನನ್ನು ಓಡಿಸಿದ ಮೇಲೆ ಆಕೆಗೆ ಬಿಡುಗಡೆಯಾಯಿತು. ಇದೇ ಸಂದರ್ಭ ನೋಡಿ ನೆರೆಯ ರಾಜ್ಯಗಳ ಸೈನ್ಯಗಳು ರಾಜಧಾನಿಗೆ ಮುತ್ತಿಗೆ ಹಾಕಿದವು. ಕೋಟೆ ಬೀಳಲಿಲ್ಲ.

1582ರಿಂದ ಎಂಟು ವರ್ಷ ದಿಲಾವರ್ ಖಾನನದೇ ಆಡಳಿತ. ಇಬ್ರಾಹಿಂ ಹೆಸರಿಗೆ ಮಾತ್ರ ಸುಲ್ತಾನ. ಚಾಂದ್‌ಬೀಬಿ ತವರಾದ ಅಹಮದನಗರಕ್ಕೆ ಹೋದಳು. ಮುಂದೆ 1595-96ರಲ್ಲಿ ಮೊಗಲರ ಮುತ್ತಿಗೆಯನ್ನು ಎದುರಿಸಿ ಚರಿತ್ರೆಯಲ್ಲಿ ಹೆಸರು ಮಾಡಿದವಳು ಈಕೆಯೇ. ಇತ್ತ 1590ರಲ್ಲಿ ಇಬ್ರಾಹಿಂ ದಿಲಾವರ್ ಖಾನನನ್ನು ಹೊರಗಟ್ಟಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡನು. ಆಗ ಅವನಿಗೆ ಇಪ್ಪತ್ತು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಮುಂದೆ ಬೆಳಗಾವಿಯಲ್ಲಿ ಸೆರೆಯಲ್ಲಿದ್ದ ತಮ್ಮ ಇಸ್ಮಾಯಿಲ್ ದಂಗೆಯೆದ್ದನು. ದಂಗೆ ಅಡಗಿತು, ತಮ್ಮನ ಪ್ರಾಣವೂ ಹೋಯಿತು. ಕಲಾಪ್ರೇಮಿ ಎಂದು ನಾವು ಕೊಂಡಾಡುವ ಅರಸನ ಬದುಕಿನಲ್ಲಿ ಇಂಥ ಕಹಿ ಪುಟಗಳೂ ಇವೆ. ಅವುಗಳನ್ನು ಮರೆಮಾಚಬೇಕಾಗಿಲ್ಲ.

ವಿದ್ವಾಂಸರ ಬೀಡು

ಇಬ್ರಾಹಿಂನ ಕಾಲದಲ್ಲಿ ವಿಜಯಪುರಕ್ಕೆ ದೂರ ದೂರದಿಂದ ವಿದ್ವಾಂಸರು ಬಂದರು. ದಖ್ಖನಿನ ಚರಿತ್ರೆ ಓದುವವರೆಲ್ಲ ಇಂದಿಗೂ ನೋಡುವ ಇತಿಹಾಸ ಗ್ರಂಥವನ್ನು ಮುಹಮ್ಮದ್ ಕಾಸಿಂ ಫರಿಶ್ತಾ ಬರೆದದ್ದು ಈ ಸುಲ್ತಾನನ ಆಶ್ರಯದಲ್ಲಿ. ಅದಕ್ಕೆ ಗುಲ್ಶನ್-ಎ-ಇಬ್ರಾಹಿಮಿ ಎಂಬ ಹೆಸರೂ ಇದೆ. ಇರಾನಿನಿಂದ ಬಂದ ಕವಿ ಜುಹೂರಿ, ಅವನ ಮಾವ ಮಲಿಕ್ ಕುಮ್ಮಿ, ಚಿತ್ರಕಾರ ಫರ್ರುಖ್ ಬೇಗ್ ಇವರೆಲ್ಲ ಇದೇ ದರಬಾರಿನಲ್ಲಿದ್ದರು. ಸುಂದರ ಬರವಣಿಗೆಗೆ ಹೆಸರಾದ ಖಲೀಲುಲ್ಲಾನಿಗೆ ಸುಲ್ತಾನನು ಕಲಮಿನ ಬಾದಶಾಹ ಎಂಬ ಅರ್ಥದ ಬಿರುದು ಕೊಟ್ಟನು. ತನ್ನ ಕಿರೀಟದ ಪದವಿಯನ್ನೇ ಒಬ್ಬ ಲಿಪಿಕಾರನ ಲೇಖನಿಗೆ ಹಂಚಿಕೊಟ್ಟ ಅರಸರು ಎಷ್ಟು ಜನ ಸಿಕ್ಕಾರು?

1603-04ರಲ್ಲಿ ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಇಲ್ಲಿಗೆ ಬಂದನು. ಸುಲ್ತಾನನ ಮಗಳನ್ನು ಶಹಜಾದಾ ದಾನಿಯಾಲನಿಗೆ ಮದುವೆ ಮಾಡಿಕೊಡುವ ಮಾತುಕತೆ ಆಗ ನಡೆದಿತ್ತು. ವಿಜಯಪುರದ ಪೇಟೆಯ ಸೊಬಗನ್ನು ಅವನು ವಿವರವಾಗಿ ಬರೆದಿಟ್ಟಿದ್ದಾನೆ. ಅಕ್ಬರನ ದರಬಾರಿಗೆ ತಂಬಾಕನ್ನು ಮೊದಲು ತಂದವನು ತಾನೇ ಎಂದೂ, ಅದು ಸಿಕ್ಕಿದ್ದು ವಿಜಯಪುರದಲ್ಲಿ ಎಂದೂ ಅವನೇ ಹೇಳಿಕೊಂಡಿದ್ದಾನೆ. ಸುಲ್ತಾನನಿಗೆ ಪಾರಸಿ ಅರ್ಥವಾಗುತ್ತಿತ್ತು, ಆದರೆ ಸಲೀಸಾಗಿ ಬರುತ್ತಿದ್ದುದು ಮರಾಠಿ ಮತ್ತು ಇಲ್ಲಿಯ ಜನರ ಮಾತು ಎಂಬ ಸಂಗತಿಯೂ ಅವನ ಬರಹದಿಂದ ತಿಳಿಯುತ್ತದೆ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಕಿತಾಬ್-ಎ-ನವರಸ್

ಇಬ್ರಾಹಿಂನಿಗೆ ಎಲ್ಲಕ್ಕಿಂತ ಮಿಗಿಲಾದ ಪ್ರೀತಿ ಸಂಗೀತದ್ದು. ಅವನು ಸ್ವತಃ ಹಾಡುತ್ತಿದ್ದನು, ತಂಬೂರಿ ನುಡಿಸುತ್ತಿದ್ದನು. ಆ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದನು. ಅವನು ರಚಿಸಿದ ಹಾಡುಗಳ ಪುಸ್ತಕವೇ ಕಿತಾಬ್-ಎ-ನವರಸ್. ಅದರಲ್ಲಿ 59 ಹಾಡುಗಳೂ 17 ದ್ವಿಪದಿಗಳೂ ಇವೆ. ಹಾಡುಗಳನ್ನು ಭೂಪಾಲಿ, ಭೈರವ, ಅಸಾವರಿ, ತೋಡಿ, ಮಲ್ಹಾರ, ಕಲ್ಯಾಣ, ಕೇದಾರ ಮುಂತಾದ ರಾಗಗಳಲ್ಲಿ ಹೊಂದಿಸಲಾಗಿದೆ. ಕಲಬುರ್ಗಿಯ ಹಜರತ್ ಖ್ವಾಜಾ ಬಂದೇನವಾಜ್ ಗೇಸೂದರಾಜರ ಸ್ತುತಿ ಅದರಲ್ಲಿದೆ. ಸರಸ್ವತಿ ಮತ್ತು ಗಣಪತಿಯ ಸ್ತುತಿಯೂ ಇದೆ. ಬೇಗಂ ಚಾಂದ್ ಸುಲ್ತಾನಾ, ನೆಚ್ಚಿನ ಆನೆ ಆತಶ್‌ಖಾನ್, ಕೈಯಲ್ಲಿನ ತಂಬೂರಿ ಇವೂ ಅವನ ಹಾಡಿನ ವಸ್ತುಗಳಾಗಿವೆ.

ನವರಸ ಎಂಬ ಮಾತಿಗೆ ಎರಡು ಮುಖಗಳಿವೆ. ಸಂಸ್ಕೃತದ ಕಡೆಯಿಂದ ನೋಡಿದರೆ ಕಾವ್ಯದ ಒಂಬತ್ತು ರಸಗಳು. ಪಾರಸಿಯ ಕಡೆಯಿಂದ ನೋಡಿದರೆ ಹೊಸದಾಗಿ ಫಲಿಸಿದ್ದು. ಎರಡೂ ಭಾಷೆಯವರು ತಮ್ಮದೆಂದುಕೊಳ್ಳುವ ಈ ಒಂದು ಮಾತು ಸುಲ್ತಾನನಿಗೆ ಬಹಳ ಹಿಡಿಸಿತು. ಪುಸ್ತಕಕ್ಕೆ, ಹಬ್ಬಕ್ಕೆ, ಕೊನೆಗೆ ಊರಿಗೂ ಅದೇ ಹೆಸರನ್ನು ಇಟ್ಟನು.

ಆ ಕಾಲದಲ್ಲಿ ವಿದ್ಯೆಯ ಭಾಷೆ ಪಾರಸಿ. ಜುಹೂರಿ ಈ ಪುಸ್ತಕಕ್ಕೆ ಬರೆದ ಮುನ್ನುಡಿ ಇರುವುದು ಅದೇ ಪಾರಸಿಯಲ್ಲಿ. ಆ ಮುನ್ನುಡಿಯನ್ನು ಪಾರಸಿ ಗದ್ಯದ ಮಾದರಿ ಎಂದು ಬಹುಕಾಲ ಪಾಠ ಹೇಳುತ್ತಿದ್ದರು. ಆದರೆ ಸುಲ್ತಾನನು ಹಾಡು ಬರೆದದ್ದು ದಖನಿಯಲ್ಲಿ. ಇಂದು ನಮ್ಮ ಜಿಲ್ಲೆಯ ಮನೆಗಳಲ್ಲಿ ತಾಯಂದಿರು ಮಕ್ಕಳೊಡನೆ ಆಡುವ ಮಾತಿನ ಹಿರಿಯ ರೂಪವದು. ನಮ್ಮ ಹುಡುಗರು ಹೊರಗೆ ಹೋದಾಗ ಈ ಮಾತನ್ನು ಕೆಟ್ಟ ಉರ್ದು ಎಂದು ಯಾರಾದರೂ ನಗುತ್ತಾರೆ, ಇವರೂ ನಾಚಿಕೊಂಡು ಬಾಯಿ ಮುಚ್ಚುತ್ತಾರೆ. ಪಾರಸಿ ಪಂಡಿತರಿಂದ ತುಂಬಿದ ದರಬಾರಿನಲ್ಲಿ ಕುಳಿತು ಒಬ್ಬ ಸುಲ್ತಾನನು ಇದೇ ಮಾತಿನಲ್ಲಿ ಗ್ರಂಥ ಬರೆದನು ಎಂಬುದು ಅವರಿಗೆ ತಿಳಿದಿದ್ದರೆ ನಾಚಿಕೆ ಪಡುತ್ತಿರಲಿಲ್ಲ.

ಪ್ರಜೆಗಳು ಈ ಅರಸನನ್ನು ಜಗದ್ಗುರು ಬಾದಶಾಹ ಎಂದು ಕರೆದರು. ವಿಜಯಪುರದ ಒಳಕೋಟೆಯ ಕಂದಕದ ಬಳಿ ಇರುವ ನರಸೋಬಾ ಗುಡಿಯ ಜೊತೆಗೂ ಜನರು ಅವನ ಹೆಸರನ್ನು ಹೇಳುತ್ತಾರೆ.

ತೊರವಿಯಲ್ಲಿ ಹೊಸ ನಗರ

1599ರಲ್ಲಿ ಸುಲ್ತಾನನು ತೊರವಿಯ ಹತ್ತಿರ ಹೊಸ ನಗರ ಕಟ್ಟಿಸತೊಡಗಿದನು. ಅದೇ ನವರಸಪುರ. ಕೆಲಸದ ಮೇಲ್ವಿಚಾರಣೆ ಶಹನವಾಜ್ ಖಾನನದು. ಇಪ್ಪತ್ತು ಸಾವಿರ ಕೆಲಸಗಾರರು ದುಡಿದರು ಎಂದು ಹಳೆಯ ಬರಹಗಳು ಹೇಳುತ್ತವೆ. ಅರಮನೆಗಳು ಎದ್ದವು, ಸರದಾರರೂ ವ್ಯಾಪಾರಿಗಳೂ ಮನೆ ಕಟ್ಟಿಕೊಂಡರು. ಸಂಗೀತ ಮಹಲ್ ವಿಜಯಪುರದ ಗಗನ್ ಮಹಲನ್ನು ಹೋಲುವ ಕಟ್ಟಡ. ನಡುವೆ ಅಗಲವಾದ ದೊಡ್ಡ ಕಮಾನು, ಎರಡೂ ಪಕ್ಕದಲ್ಲಿ ಕಿರಿದಾದ ಎತ್ತರದ ಕಮಾನುಗಳು, ಮುಂದೆ ನೀರಿನ ಹೊಂಡ. ಸ್ವಲ್ಪ ದೂರದಲ್ಲಿ ನಾರಿ ಮಹಲ್.

ತೊರವಿಯ ನೆಲಕ್ಕೆ ಇನ್ನೊಂದು ಗುಣವಿತ್ತು, ಅದು ನೀರು. ಇಲ್ಲಿಯ ನೀರನ್ನು ನೆಲದೊಳಗಿನ ಸುರಂಗದ ಮೂಲಕ ರಾಜಧಾನಿಗೆ ಒಯ್ಯುವ ವ್ಯವಸ್ಥೆ ಒಂದನೇ ಅಲಿಯ ಕಾಲದಿಂದಲೇ ಇತ್ತು. ಇರಾನಿನಲ್ಲಿ ಇದನ್ನು ಕರೇಜ್ ಎನ್ನುತ್ತಾರೆ. ಇಳಿಜಾರು ನೋಡಿ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಬೆಳಕಿಗೂ ಹೂಳು ತೆಗೆಯುವುದಕ್ಕೂ ಬಾವಿಯಂಥ ಕಂಡಿಗಳನ್ನು ಬಿಡುತ್ತಿದ್ದರು. ಯಂತ್ರವಿಲ್ಲದೆ ನೀರು ತಾನಾಗಿ ಹರಿದು ಹೋಗುತ್ತಿತ್ತು. ಬಿಸಿಲಿಗೆ ಆರುತ್ತಿರಲಿಲ್ಲ, ಶತ್ರುಗಳ ಕಣ್ಣಿಗೂ ಬೀಳುತ್ತಿರಲಿಲ್ಲ. ಬರದ ನಾಡಿನಲ್ಲಿ ಬದುಕುವ ನಮಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಒಂದು ಅರೆಬರೆ ಗೋಡೆ

ನವರಸಪುರಕ್ಕೂ ಸುತ್ತ ಕೋಟೆ ಗೋಡೆ ಕಟ್ಟಲು ಆರಂಭಿಸಿದ್ದರು. ಅದು ಪೂರ್ತಿಯಾಗಲಿಲ್ಲ. ಜ್ಯೋತಿಷಿಗಳು ಅಪಶಕುನ ಹೇಳಿದ್ದರಿಂದ ಸುಲ್ತಾನನು ಆಸ್ಥಾನವನ್ನು ಅಲ್ಲಿಗೆ ಸಾಗಿಸುವ ವಿಚಾರ ಬಿಟ್ಟನು ಎಂಬ ಕಥೆಯೂ ಇದೆ. ಕಾರಣ ಏನೇ ಇರಲಿ, ಗೋಡೆ ಅರ್ಧಕ್ಕೆ ನಿಂತಿತು.

ಇಬ್ರಾಹಿಂನ ಆಳ್ವಿಕೆಯಲ್ಲಿ ರಾಜ್ಯ ಬೆಳೆದಿತ್ತು. 1619ರಲ್ಲಿ ಬೀದರ್ ರಾಜ್ಯ ವಿಜಯಪುರಕ್ಕೆ ಸೇರಿತು. ಆದರೆ ಉತ್ತರದಿಂದ ಮೊಗಲರು ಒತ್ತುತ್ತಿದ್ದರು. ಅಹಮದನಗರದಲ್ಲಿ ಅವರನ್ನು ತಡೆಯುತ್ತಿದ್ದವನು ಹಬಶಿ ಮೂಲದ ಮಹಾವೀರ ಮಲಿಕ್ ಅಂಬರ್. ಇಬ್ರಾಹಿಂ ಕೊನೆಗಾಲದಲ್ಲಿ ಮಲಿಕ್ ಅಂಬರನ ವಿರುದ್ಧ ಮೊಗಲರ ಜೊತೆ ಸೇರಿದನು. 1624ರಲ್ಲಿ ಅಹಮದನಗರದ ಹತ್ತಿರ ಭಾತವಡಿಯಲ್ಲಿ ಮಲಿಕ್ ಅಂಬರ್ ಎರಡೂ ಸೈನ್ಯಗಳನ್ನು ಸೋಲಿಸಿದನು. ವಿಜಯಪುರದ ಸೇನಾನಿ ಮುಲ್ಲಾ ಮುಹಮ್ಮದ್ ಲಾರಿ ಆ ಯುದ್ಧದಲ್ಲಿ ಮಡಿದನು.

ಅದೇ ವರ್ಷ ಮಲಿಕ್ ಅಂಬರನ ದಂಡು ವಿಜಯಪುರದ ಬಾಗಿಲಿಗೆ ಬಂದಿತು. ಅಲಿಯ ಕಾಲದಲ್ಲಿ ಕಟ್ಟಿದ ಗಟ್ಟಿ ಕೋಟೆ ರಾಜಧಾನಿಯನ್ನು ಕಾಪಾಡಿತು. ಗೋಡೆಯಿಲ್ಲದ ನವರಸಪುರವನ್ನು ಕಾಪಾಡುವವರು ಇರಲಿಲ್ಲ. ದಂಡು ಅದನ್ನು ಸೂರೆ ಮಾಡಿತು. 25 ವರ್ಷಗಳ ಹಿಂದೆ ಆಸೆಯಿಂದ ಕಟ್ಟಿದ ಊರನ್ನು ಅರಸನು ತನ್ನ ಕಣ್ಣೆದುರಿಗೇ ಕಳೆದುಕೊಂಡನು. ಅದು ಮತ್ತೆ ಏಳಲಿಲ್ಲ.

1627ರಲ್ಲಿ ಇಬ್ರಾಹಿಂ ತೀರಿಕೊಂಡನು. ನಗರದ ಕೋಟೆಯ ಪಶ್ಚಿಮಕ್ಕೆ, ಬೇಗಂ ತಾಜ್ ಸುಲ್ತಾನಾಳ ಸಲುವಾಗಿ ಮಲಿಕ್ ಸಂದಲ್ ನಿರ್ಮಿಸಿದ ರೋಜಾದಲ್ಲಿ ಅವನ ಗೋರಿ ಇದೆ. ಅದೇ ಇಬ್ರಾಹಿಂ ರೋಜಾ. ಅದರ ಕಲ್ಲಿನ ಜಾಲರಿಗಳನ್ನು ಅರಬಿ ಅಕ್ಷರಗಳಲ್ಲೇ ಕೊರೆದಿದ್ದಾರೆ. ಒಳಗೆ ಬೆಳಕು ಬರುವುದು ಆ ಅಕ್ಷರಗಳ ಸಂದಿನಿಂದಲೇ. ಗೋಲಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹ ಈತನ ಮಗ.

ಉಳಿದದ್ದೇನು?

ಇಂದು ತೊರವಿಯಲ್ಲಿ ನಿಂತು ನೋಡಿದರೆ ನವರಸಪುರದ ಮನೆಗಳಿಲ್ಲ, ಪೇಟೆಯಿಲ್ಲ. ಅರೆಬರೆ ಗೋಡೆಯ ತುಂಡುಗಳು, ಚಾವಣಿಯಿಲ್ಲದ ಮಹಲು ಇವಿಷ್ಟೇ ಇವೆ. ಆದರೆ ಅದೇ ಹೆಸರಿನ ಪುಸ್ತಕ ಉಳಿದಿದೆ. ಅದನ್ನು ಕೈಯಿಂದ ಕೈಗೆ ನಕಲು ಮಾಡಿ ಉಳಿಸಿದರು. ವಿದ್ವಾಂಸ ನಜೀರ್ ಅಹ್ಮದ್ ಅದನ್ನು ಸಂಪಾದಿಸಿ 1956ರಲ್ಲಿ ಅಚ್ಚು ಹಾಕಿಸಿದರು. ಸಾವಿರಾರು ಜನ ದುಡಿದ ಕಲ್ಲಿನ ನಗರ 25 ವರ್ಷ ಬಾಳಿತು. ತೆಳ್ಳಗಿನ ಕಾಗದದ ಮೇಲಿನ ಹಾಡು ನಾನೂರು ವರ್ಷ ದಾಟಿದೆ. ಅದೇ ಮಣ್ಣಿನ ಕನ್ನಡ ರಾಮಾಯಣವೂ ಐನೂರು ವರ್ಷಗಳಿಂದ ಬಾಳುತ್ತಿದೆ. ಒಂದೇ ಚಿಕ್ಕ ಊರು ಕನ್ನಡಕ್ಕೊಂದು, ದಖನಿಗೊಂದು ಗ್ರಂಥದ ಜೊತೆ ತನ್ನ ಹೆಸರನ್ನು ಸೇರಿಸಿಕೊಂಡಿದೆ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೆ ಎರಡೂ ಸಲ್ಲುತ್ತವೆ.

ನಮ್ಮಲ್ಲಿ ಮನೆ ಕಟ್ಟಲು ಸಾಲ ಮಾಡುವವರಿದ್ದಾರೆ, ಮದುವೆಗೆ ಹೊಲ ಮಾರುವವರಿದ್ದಾರೆ. ಮಗಳ ಓದಿಗೆ ಮಾತ್ರ ಹಣ ಸಾಲದೆಂದು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿಬಿಡುತ್ತಾರೆ. ಯಾವುದು ಎಷ್ಟು ದಿನ ಬಾಳುತ್ತದೆ ಎಂದು ಲೆಕ್ಕ ಹಾಕುವಾಗ ತೊರವಿಯನ್ನು ಒಮ್ಮೆ ನೆನೆಯಬೇಕು. ಒಂದು ಕಾಲಕ್ಕೆ ಸುಲ್ತಾನನ ಸಂಗೀತ ಕೇಳುತ್ತಿದ್ದ ಆ ಊರಿಗೆ ಇಂದು ಸುತ್ತಲಿನ ಜಿಲ್ಲೆಗಳ ಹೆಣ್ಣುಮಕ್ಕಳು ಪದವಿಗಾಗಿ ಬರುತ್ತಾರೆ. ಅವರಲ್ಲಿ ನಮ್ಮ ತಿಕೋಟಾ, ಬಬಲೇಶ್ವರದ ಮಕ್ಕಳೂ ಹೆಚ್ಚಾಗಿ ಇರಲಿ.

ವಿದ್ಯಾರ್ಥಿ ಮಿತ್ರರೇ, ಬರುವ ರಜೆಯಲ್ಲಿ ಒಂದು ದಿನ ತೊರವಿಯಲ್ಲಿ ಬಸ್ಸಿನಿಂದ ಇಳಿಯಿರಿ. ಸಂಗೀತ ಮಹಲಿನ ಗೋಡೆಯ ಮೇಲೆ ನಿಮ್ಮ ಹೆಸರು ಕೆತ್ತಬೇಡಿ. ಹೆಸರು ಉಳಿಯಬೇಕೆಂದರೆ ಕಲ್ಲಿಗಿಂತ ಕಾಗದ ಗಟ್ಟಿ ಎಂಬುದನ್ನು ಆ ಅರಸನ ಜೀವನವೇ ತೋರಿಸಿಕೊಟ್ಟಿದೆ.