ರಾಯರ ಅಪ್ಪಾಜಿ ತಿಮ್ಮರಸು

ನಮ್ಮ ಚೋರನೂರಿಂದ ಸಂಡೂರು ಮೇಲೆ ಹೊಸಪೇಟೆಗೆ ಬರುವಾಗ ಊರು ಸೇರುವ ಮುಂಚೆ ರಸ್ತೆ ಒಂದು ಹಳೇ ಏರಿಯ ಮೇಲೆ ಹಾಯುತ್ತೆ. ಅದು ಕೃಷ್ಣದೇವರಾಯ ಕಟ್ಟಿಸಿದ ರಾಯರ ಕೆರೆಯ ಏರಿ. ಕಟ್ಟಿಸಿದವನ ಹೆಸರು ಎಲ್ಲರಿಗೂ ಗೊತ್ತು. ಅವನ ರಾಜ್ಯವನ್ನು ದಿನದಿನವೂ ನಡೆಸಿದ ಸಾಳುವ ತಿಮ್ಮರಸು ನೆನಪಾಗೋದು ಕಮ್ಮಿ.

ಕತೆ ಶುರುವಾಗೋದು 1509ರಲ್ಲಿ. ಸಾಯುವ ಹೊತ್ತಿಗೆ ವೀರನರಸಿಂಹ ತನ್ನ ಎಳೆಯ ಮಗನಿಗೆ ಪಟ್ಟ ಸಿಗಲಿ ಅಂತ ತಮ್ಮ ಕೃಷ್ಣರಾಯನ ಕಣ್ಣು ಕೀಳಿಸಲು ಹೇಳಿದನಂತೆ. ತಿಮ್ಮರಸು ಮೇಕೆಯ ಕಣ್ಣು ತೋರಿಸಿ ಹುಡುಗನನ್ನು ಉಳಿಸಿದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಪಟ್ಟಕ್ಕೆ ಬಂದ ರಾಯ ಅವನನ್ನು ಅಪ್ಪಾಜಿ ಅಂತಲೇ ಕರೆದ.

ಆಮೇಲೆ ಇಬ್ಬರದೂ ಬೇರೆ ಬೇರೆ ಕೆಲಸ. ಎಲ್ಲಿಗೆ ಹೋಗಬೇಕು ಅನ್ನೋದು ರಾಯನದು. ಹೋದ ಮೇಲೆ ಅಲ್ಲಿ ಉಳಿಯೋದು ಹೇಗೆ ಅನ್ನೋದು ತಿಮ್ಮರಸುವಿನದು. 1515ರಲ್ಲಿ ಕೊಂಡವೀಡು ಕೈಸೇರಿತು. ರಾಯ ಮುಂದಕ್ಕೆ ದಂಡು ನಡೆಸಿದ, ಕೋಟೆಯ ಉಸ್ತುವಾರಿ ತಿಮ್ಮರಸುವಿಗೆ ಬಂತು. ಸುಮಾರು 1520ರಲ್ಲಿ ಹಂಪಿಗೆ ಬಂದ ಪಾಯೆಸ್, ಅರಮನೆಯೆಲ್ಲ ಈ ಮುದುಕನ ಮಾತಿನಂತೆ ನಡೆಯುತ್ತೆ, ದೊಡ್ಡ ದೊಡ್ಡ ಸರದಾರರೂ ಅವನಿಗೆ ರಾಜನಿಗೆ ಕೊಡುವ ಮರ್ಯಾದೆ ಕೊಡ್ತಾರೆ ಅಂತ ಬರೆದ.

ಅದೇ ಪಾಯೆಸ್ ಕೆರೆಯ ಕೆಲಸವನ್ನೂ ಕಣ್ಣಾರೆ ಕಂಡವನು: 15ರಿಂದ 20 ಸಾವಿರ ಜನ ದುಡಿಯುತ್ತಿದ್ದರು, ಏರಿ ಎರಡು ಮೂರು ಸಲ ಒಡೆದಿತ್ತು. ಕೆರೆ ನಿಂತ ಮೇಲೆ ಅದರ ನೀರಿಗೆ ಬರುವ ಜಮೀನಿಗೆ 9 ವರ್ಷ ಕಂದಾಯ ಇಲ್ಲ. ರೈತರು ಹೊಲ ಹದ ಮಾಡಿಕೊಳ್ಳಲಿ ಅಂತ. ಮುಂದೆ ಅದರ ಆದಾಯ 20 ಸಾವಿರ ಪರ್ದಾವ್ ಮುಟ್ಟಿತು ಅನ್ನೋದು ನೂನಿಜ್ ಲೆಕ್ಕ. ಕೆರೆ ಬೇಕು ಅನ್ನೋದು ಕನಸು. 9 ವರ್ಷ ಕಾಯುವ ಲೆಕ್ಕ ಆಡಳಿತ. ಎರಡರಲ್ಲಿ ಒಂದಿಲ್ಲದಿದ್ದರೂ ಉಳಿಯೋದು ಬರೀ ಮಣ್ಣಿನ ದಿಬ್ಬ ಅಲ್ವಾ?

ಕೊನೆ ಮಾತ್ರ ಕಹಿ. ರಾಯ ತನ್ನ ಪುಟ್ಟ ಮಗ ತಿರುಮಲನಿಗೆ ಪಟ್ಟ ಕಟ್ಟಿದ. 1524ರ ಹೊತ್ತಿಗೆ ಆ ಮಗು ತೀರಿಹೋಯಿತು. ವಿಷ ಹಾಕಿದರು ಅನ್ನೋ ಅನುಮಾನ ತಿಮ್ಮರಸುವಿನ ಮನೆಯ ಮೇಲೆ ಬಿತ್ತು. ನೂನಿಜ್ ಹೇಳುವಂತೆ ತಂದೆ ಮಕ್ಕಳನ್ನು ಸೆರೆಗೆ ಹಾಕಿ ಕಣ್ಣು ಕೀಳಿಸಿದರು; ಮುದುಕ ಸೆರೆಯಲ್ಲೇ ಉಳಿದ. ಒಂದು ಕಾಲಕ್ಕೆ ಯಾರ ಕಣ್ಣು ಉಳಿಸಿದ್ದನೋ ಅವನಿಂದಲೇ! 1529ರಲ್ಲಿ ರಾಯನೂ ಹೋದ.

ಫೆಸ್ಟ್ ಟೀಮ್ ಮಾಡುವಾಗ ಸ್ಟೇಜಿನ ಮೇಲಿರುವವನು, ಲೆಕ್ಕ ಬರೆಯುವವನು ಇಬ್ಬರನ್ನೂ ಆರಿಸ್ತೀವಿ. ಅವರಿಬ್ಬರ ನಡುವಿನ ನಂಬಿಕೆ ಮಾತ್ರ ಯಾವ ಪೋಸ್ಟಿಗೂ ಸೇರಲ್ಲ. ವಿಜಯನಗರದಲ್ಲಿ ಮೊದಲು ಒಡೆದದ್ದು ಅದೇ.